ಅಕ್ಕಿಪೇಟೆಯ ಮೇಣದಬತ್ತಿ

ನನ್ನ ಅಣ್ಣನ ಮಗನು ತನ್ನ ಕೈಫೋನನ್ನು ಮುಂದೆ ಹಿಡಿದು, "ನೋಡಿ ಚಿಕ್ಕಪ್ಪ, ಇದು ಸುತ್ತಿಗೆ. ನಾಳೆ ಬೆಲೆ ಏರಲೇಬೇಕು" ಎಂದಾಗ ನನಗೆ ಕಂಡುದು ಕೆಂಪು ಹಸಿರು ಕಡ್ಡಿಗಳ ಸಾಲು ಮಾತ್ರ. ಹಳಗನ್ನಡ ಶಾಸನದ ಮುಂದೆ ಮೊದಲ ಬಾರಿ ನಿಂತ ವಿದ್ಯಾರ್ಥಿಯ ಪಾಡು ನನ್ನದಾಯಿತು. ಓದುವುದನ್ನೇ ಕಸುಬಾಗಿಸಿಕೊಂಡವನಿಗೆ ಓದಲಾರದ ಲಿಪಿಯೊಂದು ಮನೆಯೊಳಗೇ ಇರುವುದು ನಾಚಿಕೆಯೆನಿಸಿ, ಅವನಿಂದಲೇ ಅಕ್ಷರಾಭ್ಯಾಸ ಮಾಡಿಸಿಕೊಂಡೆನು.

ಲಿಪಿಯೇನೋ ಸುಲಭವಾದುದು. ದಿನದ ವ್ಯಾಪಾರಕ್ಕೆ ಒಂದು ಮೇಣದಬತ್ತಿ. ಪೇಟೆ ತೆರೆದಾಗಿನ ಬೆಲೆಗೂ ಮುಚ್ಚಿದಾಗಿನ ಬೆಲೆಗೂ ನಡುವಣ ಅಂತರವೇ ಅದರ ಒಡಲು. ಆ ದಿನ ಬೆಲೆ ಮುಟ್ಟಿಬಂದ ತುದಿಯನ್ನೂ ತಳವನ್ನೂ ಮೇಲೆ ಕೆಳಗೆ ಚಾಚಿದ ತೆಳುಗೆರೆಗಳು ತೋರಿಸುತ್ತವೆ. ಮುಚ್ಚುವ ಬೆಲೆ ಹೆಚ್ಚಾದರೆ ಹಸಿರು, ಇಳಿದರೆ ಕೆಂಪು. ಎರಡೂ ಒಂದೇ ಆದ ದಿನ ಒಡಲಿಲ್ಲದ ಶಿಲುಬೆಯಂಥ ಗುರುತು ಉಳಿಯುತ್ತದೆ. ಅದಕ್ಕೆ 'ದೋಜಿ' ಎಂದು ಹೆಸರು.

ಹುಡುಗನ ಸುತ್ತಿಗೆಯೆಂದರೆ ಮೇಲ್ಗಡೆ ಪುಟ್ಟ ಒಡಲು, ಕೆಳಗೆ ಉದ್ದನೆಯ ಗೆರೆ; ಬೆಲೆ ಕುಸಿಯುತ್ತಿದ್ದಾಗ ಕಾಣಿಸಿಕೊಳ್ಳಬೇಕು. ಜಪಾನೀಯರು ಇದಕ್ಕೆ 'ತಕುರಿ' ಎನ್ನುತ್ತಾರೆ. ಹಗ್ಗವನ್ನು ಇಳಿಬಿಟ್ಟು ನೀರಿನ ಆಳವನ್ನು ತಡಕಿ ನೋಡುವುದೆಂದು ಅದರ ಭಾವ. ತಳ ಸಿಕ್ಕಿತೇ, ಇನ್ನೂ ಆಳವಿದೆಯೇ ಎಂಬ ಅನುಮಾನ ಆ ಹೆಸರಿನಲ್ಲಿಯೇ ಇದೆ. ಇಂಗ್ಲಿಷಿಗೆ ಹೋಗಿ ಸುತ್ತಿಗೆಯಾದಾಗ ಅನುಮಾನ ಕಳಚಿಬಿದ್ದು ಏಟು ಮಾತ್ರ ಉಳಿಯಿತು. ಭಾಷಾಂತರದಲ್ಲಿ ಇಂಥ ನಷ್ಟಗಳನ್ನು ನಾವು ಸಾಹಿತ್ಯದವರು ಕಂಡಿದ್ದೇವೆ; ಆದರೆ ಅದಕ್ಕಾಗಿ ದುಡ್ಡು ತೆತ್ತವರಲ್ಲ.

ಈ ವಿದ್ಯೆಯ ತವರು ಒಸಾಕಾ ನಗರದ ದೋಜಿಮಾ ಅಕ್ಕಿಪೇಟೆ ಎನ್ನುವರು. ದೊರೆಗಳಿಗೆ ಕಂದಾಯವು ಅಕ್ಕಿಯ ರೂಪದಲ್ಲಿ ಬರುತ್ತಿದ್ದ ಕಾಲವದು. ಉಗ್ರಾಣದ ಅಕ್ಕಿಗೆ ಬರೆದುಕೊಟ್ಟ ಚೀಟಿಗಳು ಕೈಯಿಂದ ಕೈಗೆ ಮಾರಾಟವಾಗುತ್ತ, ಕೊನೆಗೆ ಒಂದು ಕಾಳನ್ನೂ ಅಳೆಯದೆ ಲೆಕ್ಕದ ಪುಸ್ತಕದಲ್ಲಿಯೇ ನಡೆಯುವ ಮುಂಗಡ ವ್ಯಾಪಾರ ಬೆಳೆಯಿತು. 1730ರಲ್ಲಿ ಷೋಗನ್ ಸರ್ಕಾರ ಅದಕ್ಕೆ ಮಾನ್ಯತೆಯಿತ್ತಿತು. ಅಲ್ಲಿ ನಾರಿನ ಹುರಿಗೆ ಕಿಡಿ ಹೊತ್ತಿಸಿ ತೂಗುಹಾಕುತ್ತಿದ್ದರು. ಅದು ಆರಿದೊಡನೆ ವ್ಯಾಪಾರ ಮುಗಿಯಿತು. ಆದರೂ ಕದಲದವರ ಮೇಲೆ ನೀರೆರಚಿ ಚದುರಿಸುತ್ತಿದ್ದರು. ನಮ್ಮ ಹುಡುಗರಿಗೆ ನೀರೆರಚುವವರಾರು?

ಸಕಾಟಾದ ವರ್ತಕ ಹೊಮ್ಮಾ ಮುನೆಹಿಸಾ (1724–1803) ಈ ಬತ್ತಿಗಳನ್ನು ಕಂಡುಹಿಡಿದನೆಂಬುದು ಜನಜನಿತ ಕಥೆ. ಆದರೆ ಇವು ರೂಪುಗೊಂಡುದು 1868ರ ಬಳಿಕ, ಮೇಜಿ ಕಾಲದಲ್ಲಿ ಎಂಬುದೇ ಹೆಚ್ಚು ನಂಬತಕ್ಕ ಮಾತು. 1991ರಲ್ಲಿ ಸ್ಟೀವ್ ನೀಸನ್ ಬರೆದ ಪುಸ್ತಕದಿಂದ ಪಶ್ಚಿಮದವರು ಇದನ್ನು ಕಲಿತರು. ಅಲ್ಲಿಂದ ನಮ್ಮಲ್ಲಿಗೆ ಬಂದಿತು.

ಬತ್ತಿಯು ನಡೆದುದನ್ನು ಸೊಗಸಾಗಿ ಹೇಳುತ್ತದೆ, ನಾನು ಅಲ್ಲಗಳೆಯಲಾರೆ. ನಡೆಯಲಿರುವುದನ್ನು ಹೇಳುತ್ತದೆಂಬ ನಂಬಿಕೆಯಲ್ಲಿಯೇ ತೊಡಕು. ಸೆಬಿ ಸಂಸ್ಥೆಯು 2024ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಷೇರುಗಳ ಫ್ಯೂಚರ್ ಮತ್ತು ಆಪ್ಷನ್ ವ್ಯಾಪಾರದಲ್ಲಿ 2021–22ರಿಂದ ಮೂರು ವರ್ಷಗಳ ಅವಧಿಯಲ್ಲಿ ನಷ್ಟ ಹೊಂದಿದ ಬಿಡಿ ವ್ಯಾಪಾರಿಗಳು ನೂರಕ್ಕೆ 93 ಮಂದಿ. ನಮ್ಮ ಹುಡುಗನೂ ಅವರಲ್ಲೊಬ್ಬ. ಅತ್ತಿಗೆಯವರು ಅವನ ಓದಿಗೆಂದು ಕೂಡಿಸಿಟ್ಟ ಹಣ ಎರಡು ತಿಂಗಳಲ್ಲಿ ಕರಗಿತು. ಸಂಗತಿ ಅವರಿಗೆ ಇನ್ನೂ ತಿಳಿಯದು.

ಮೊನ್ನೆ ಅವನು ಮತ್ತೆ ಫೋನು ತೆರೆದು ಕುಳಿತಿದ್ದನು. ಕೊನೆಯಲ್ಲೊಂದು ದೋಜಿ ಇತ್ತು. "ಇದು ಏನನ್ನುತ್ತದಪ್ಪ?" ಎಂದು ಕೇಳಿದೆನು.

"ಗೊತ್ತಿಲ್ಲ ಚಿಕ್ಕಪ್ಪ" ಎಂದನು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಮ್ಮನಿಗೆ ನೀವೇ ಹೇಳುತ್ತೀರಾ?" ಎಂದನು.