ಅತ್ತೆ ಆಸ್ಪತ್ರೆಯಿಂದ ಮನೆಗೆ ಬಂದರು

ಅಂಕೋಲಾ ಹತ್ತಿರ ಒಂದು ಊರು. ಅಲ್ಲಿ ಒಂದು ಮನೆ. ಅತ್ತೆಗೆ ಸಕ್ಕರೆ ಕಾಯಿಲೆ. ಕಾಲಿನ ಗಾಯಕ್ಕೆ ಎಂಟು ದಿನ ಆಸ್ಪತ್ರೆಯಲ್ಲಿ ಇದ್ದರು. ಗಾಯ ಮಾಯುತ್ತ ಬಂತು. ಮನೆಗೆ ಕಳಿಸಿದರು. ಎಲ್ಲರಿಗೂ ಸಂತೋಷ.

ಮೂರನೇ ದಿನ ಸಂಜೆ ಅತ್ತೆ ಬೆವರಿದರು. ಕೈ ನಡುಗಿತು. ಏನೇನೋ ಮಾತಾಡಿದರು. ಸೊಸೆ ಹೆದರಿ ಆಶಾ ಕಾರ್ಯಕರ್ತೆಯನ್ನು ಕರೆದಳು.

"ತಂಗಿ, ಅತ್ತೆಗೆ ಎಚ್ಚರ ಇದೆ. ಮೊದಲು ಸಕ್ಕರೆ ನೀರು ಕುಡಿಸು. ಆಮೇಲೆ ಮಾತ್ರೆ ಎಲ್ಲ ತಾ" ಅಂದಳು ಆಕೆ.

ಸೊಸೆ ಎರಡು ಡಬ್ಬಿ ತಂದಳು. ಒಂದರಲ್ಲಿ ಹಳೆ ಮಾತ್ರೆ. ಇನ್ನೊಂದರಲ್ಲಿ ಆಸ್ಪತ್ರೆಯ ಹೊಸ ಮಾತ್ರೆ. ಕಂಪನಿ ಬೇರೆ, ಹೆಸರು ಬೇರೆ. ಒಳಗಿನ ಔಷಧಿ ಒಂದೇ! ಅತ್ತೆ ಎರಡನ್ನೂ ನುಂಗುತ್ತಿದ್ದರು. ಮೈಯಲ್ಲಿ ಸಕ್ಕರೆ ಬಹಳ ಇಳಿದಿತ್ತು. ಅದು ಮತ್ತೆ ಇಳಿಯಬಹುದು. ಅದಕ್ಕೇ ಆ ರಾತ್ರಿಯೇ ಡಾಕ್ಟರಿಗೆ ತೋರಿಸಿದರು. ಜೀವ ಉಳಿಯಿತು.

ಸೊಸೆಗೆ ಪ್ರೀತಿ ಇರಲಿಲ್ಲವೇ? ಇತ್ತು. ಆದರೆ ಕೇಳಬೇಕಾದ ಮಾತು ಕೇಳಿರಲಿಲ್ಲ. ಆಸ್ಪತ್ರೆಯಲ್ಲಿ ನರ್ಸ್ ನೋಡುತ್ತಾರೆ. ಮನೆಯಲ್ಲಿ ನಾವೇ ನೋಡಬೇಕು. ಕೆಲಸ ಕೈ ಬದಲಾಗುವಾಗಲೇ ತಪ್ಪು ಆಗುತ್ತದೆ.

ಮನೆಗೆ ಬಿಡುವ ದಿನ ಏನು ಮಾಡಬೇಕು?

1. ಹಳೆ ಮಾತ್ರೆಗಳನ್ನು ಆಸ್ಪತ್ರೆಗೆ ಒಯ್ಯಿರಿ. ಯಾವುದು ಬೇಕು, ಯಾವುದು ನಿಲ್ಲಿಸಬೇಕು ಕೇಳಿ.

2. ಚೀಟಿ ನೋಡಿ. 1-0-1 ಎಂದು ಬರೆದಿದೆಯೇ? ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು ಎಂದು ಅರ್ಥ. ಊಟಕ್ಕೆ ಮೊದಲೋ, ಆಮೇಲೋ ಕೇಳಿ.

3. ಮಾತ್ರೆಯ ಹೆಸರು ಇಂಗ್ಲಿಷಿನಲ್ಲಿ ಇರುತ್ತದೆ. ನಾಚಿಕೆ ಬೇಡ. ಯಾವುದಕ್ಕೆ ಎಂದು ಕೇಳಿ. ಪೊಟ್ಟಣದ ಮೇಲೆ ಕನ್ನಡದಲ್ಲಿ ಬರೆಯಿರಿ.

4. ಊಟದ ಪಥ್ಯ ಕೇಳಿ. ಉಪ್ಪು ಕಡಿಮೆ ಎಂದರೆ ಒಣಮೀನು, ಉಪ್ಪಿನಕಾಯಿಯೂ ಕಡಿಮೆ.

5. ಮತ್ತೆ ಯಾವ ದಿನ ಬರಬೇಕು? ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ನಮ್ಮ ಕಾರವಾರ, ಅಂಕೋಲಾದ ಜನ ದೊಡ್ಡ ಕಾಯಿಲೆಗೆ ಗೋವಾ, ಮಣಿಪಾಲ, ಹುಬ್ಬಳ್ಳಿಗೆ ಹೋಗುತ್ತಾರೆ. ಅಲ್ಲಿ ಏನು ಮಾಡಿದರು ಎಂದು ಇಲ್ಲಿನ ಡಾಕ್ಟರಿಗೆ ಹೇಗೆ ಗೊತ್ತಾಗಬೇಕು? ಕಾಗದ ನೋಡಿದರೆ ಮಾತ್ರ. ಎಲ್ಲ ಕಾಗದ ಒಂದೇ ಚೀಲದಲ್ಲಿ ಇಡಿ.

ಮನೆಯಲ್ಲಿ ಏನು ನೋಡಬೇಕು?

ಮಲಗಿಯೇ ಇರುವವರನ್ನು ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಿ. ಬೆನ್ನು, ಸೊಂಟ, ಹಿಮ್ಮಡಿ ಕೆಂಪಾದರೆ ಅಲ್ಲಿ ಭಾರ ಬೀಳಬಾರದು. ಮೂತ್ರದ ಪೈಪು ಹಾಕಿದ್ದರೆ ಅದರ ಚೀಲ ಸೊಂಟಕ್ಕಿಂತ ಕೆಳಗೆ ಇರಲಿ. ನೆಲಕ್ಕೆ ತಾಗಬಾರದು. ಮುಟ್ಟುವ ಮೊದಲು, ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ.

ಉಸಿರು ಕಟ್ಟಿದರೆ, ಬಾಯಿ ಸೊಟ್ಟಗಾದರೆ, ಎಚ್ಚರ ತಪ್ಪಿದರೆ ಕಾಯಬೇಡಿ. 108ಕ್ಕೆ ಫೋನ್ ಮಾಡಿ. 2008ರಿಂದ ನಮ್ಮ ರಾಜ್ಯದಲ್ಲಿ ಈ ಆಂಬುಲೆನ್ಸ್ ಇದೆ. ದುಡ್ಡು ಕೊಡಬೇಕಾಗಿಲ್ಲ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ.

ಈಗ ಆ ಮನೆಯಲ್ಲಿ ಒಂದೇ ಡಬ್ಬಿ ಇದೆ. ಒಂದೊಂದು ಪೊಟ್ಟಣದ ಮೇಲೂ ಸೊಸೆಯ ಅಕ್ಷರ ಇದೆ: "ಸಕ್ಕರೆಗೆ. ಬೆಳಿಗ್ಗೆ 1." ಅತ್ತೆ ಎಲ್ಲರಿಗೂ ಅದನ್ನು ತೋರಿಸುತ್ತಾರೆ. "ನಮ್ಮ ಸೊಸೆ ಬರೆದದ್ದು" ಅನ್ನುತ್ತಾರೆ.

ನಿಮ್ಮ ಮನೆಯ ಮಾತ್ರೆ ಡಬ್ಬಿ ಹೇಗಿದೆ? ಇವತ್ತೇ ತೆಗೆದು ನೋಡಿ.