ಓಟದ ನಡುವೆ ಕಾಯೋತ್ಸರ್ಗ
ಮೂಡುಬಿದಿರೆಯ ಬೆಳಗಿನಲ್ಲಿ ಎರಡು ಸಾಧನೆಗಳು ಒಟ್ಟಿಗೆ ನಡೆಯುತ್ತವೆ. 1430ರಲ್ಲಿ ನಿರ್ಮಾಣಗೊಂಡ ಸಾವಿರ ಕಂಬದ ಬಸದಿಯಲ್ಲಿ ಪೂಜೆಗೆ ಅಣಿಯಾಗುವ ಹೊತ್ತಿಗೆ ಸ್ವರಾಜ್ಯ ಮೈದಾನದಲ್ಲಿ ಎಳೆಯರ ಓಟ ಆರಂಭವಾಗಿರುತ್ತದೆ. ಊರಿನ ಒಂದು ಶ್ರಾವಕ ಮನೆಯಲ್ಲಿ ಇವೆರಡೂ ಒಂದೇ ಸೂರಿನಡಿ ಸೇರಿದ್ದವು. ಅಜ್ಜಿಗೆ ಬಸದಿ, ಹದಿನಾರರ ಮೊಮ್ಮಗಳಿಗೆ 1500 ಮೀಟರ್ ಓಟ.

ಆ ವರ್ಷ ಹುಡುಗಿಯ ಓಟ ಐದು ನಿಮಿಷ ನಾಲ್ಕು ಸೆಕೆಂಡಿಗೆ ಬಂದು ನಿಂತುಬಿಟ್ಟಿತು. ಎಷ್ಟು ಓಡಿದರೂ ಅದೇ ಅಂಕಿ. ಹೆಚ್ಚು ಓಡಿದರೆ ಹೆಚ್ಚು ವೇಗ ಎಂಬುದು ಅವಳ ಲೆಕ್ಕ. ತರಬೇತಿ ನೀಡುವ ಮಾಸ್ಟ್ರು ಭಾನುವಾರ ವಿಶ್ರಾಂತಿಯೆಂದು ವಿಧಿಸಿದ್ದರೂ ಅವರಿಗೆ ತಿಳಿಯದಂತೆ ಅಂದೂ ಓಡಿದಳು. ರಾತ್ರಿ ಹನ್ನೊಂದರವರೆಗೆ ಓದು, ನಸುಕಿನ ನಾಲ್ಕೂವರೆಗೆ ಎಚ್ಚರ. ಸಂಜೆಯ ಅಭ್ಯಾಸ ಮುಗಿದು ಮನೆ ಸೇರುವಾಗ ಸೂರ್ಯಾಸ್ತ ಕಳೆದಿರುತ್ತಿತ್ತು. ರಾತ್ರಿಭೋಜನ ತ್ಯಾಗದ ಮನೆ ಅದು. ನಿಯಮ ಮುರಿಯಲು ಅವಳಿಗೆ ಮನಸ್ಸಿಲ್ಲ, ಸಮಯ ಬದಲಿಸಿರೆಂದು ಕೇಳಲು ಸಂಕೋಚ. ಹೀಗಾಗಿ ಒಂದು ಲೋಟ ನೀರು ಕುಡಿದು ಪುಸ್ತಕ ಹಿಡಿಯುತ್ತಿದ್ದಳು. ಮನೆಯವರು ಇದನ್ನು ತಪಸ್ಸೆಂದೇ ಹೊಗಳಿದರು.

ಶ್ರಾವಕರು ಆಗಾಗ ಎಡವುವುದು ಇಲ್ಲಿಯೇ. ದೇಹ ಬಳಲಿದರೆ ಸಾಕು, ಅದು ತಪಸ್ಸೆಂದು ಭಾವಿಸುತ್ತೇವೆ. ತೀರ್ಥಂಕರ ನಾಮಕರ್ಮದ ಬಂಧಕ್ಕೆ ಕಾರಣವಾದ ಷೋಡಶ ಭಾವನೆಗಳಲ್ಲಿ ಒಂದರ ಹೆಸರೇ ‘ಶಕ್ತಿತಸ್ತಪ’. ಶಕ್ತಿಗನುಸಾರವಾದ ತಪಸ್ಸು ಎಂದರ್ಥ. ಇದ್ದ ಶಕ್ತಿಯನ್ನು ಬಚ್ಚಿಟ್ಟು ಸೋಮಾರಿಯಾಗುವುದೂ ಸಲ್ಲದು, ಇಲ್ಲದ ಶಕ್ತಿಯನ್ನು ಇದೆಯೆಂದು ನಟಿಸುವುದೂ ಸಲ್ಲದು. ಉಪವಾಸಕ್ಕೆ ಅನ್ವಯಿಸಿಕೊಳ್ಳುವ ಈ ಮಾತನ್ನು ಮೈದಾನಕ್ಕೆ ಯಾರೂ ಅನ್ವಯಿಸಿರಲಿಲ್ಲ.

ಒಂದು ಸಂಜೆ ಅಜ್ಜಿ ಮೊಮ್ಮಗಳ ಕಾಲಿಗೆ ಎಣ್ಣೆ ಹಚ್ಚುತ್ತಿದ್ದಾಗ ಕೈ ಕಣಕಾಲಿನ ಮೂಳೆಗೆ ತಾಗಿತು. ಹುಡುಗಿ ಚೀರಿದಳು. ಎರಡು ತಿಂಗಳಿಂದ ಅಡಗಿಸಿದ್ದ ನೋವು ಅಂದು ಹೊರಬಿತ್ತು. ವೈದ್ಯರು ಮೂಳೆ ಒತ್ತಡಕ್ಕೆ ಸಿಲುಕಿದೆ, ಬಿರುಕು ಬಿಡುವ ಮೊದಲೇ ಬಂದದ್ದು ಒಳಿತಾಯಿತು ಎಂದರು. ಒಂದು ತಿಂಗಳು ಓಡುವಂತಿಲ್ಲ. ಜಿಲ್ಲಾ ಕ್ರೀಡಾಕೂಟಕ್ಕೆ ಉಳಿದಿದ್ದುದು ಹತ್ತು ವಾರ.

ಮರುದಿನ ಅಜ್ಜಿಯೇ ಮೈದಾನಕ್ಕೆ ನಡೆದರು. “ಮಾಸ್ಟ್ರೇ, ತಪ್ಪು ಮಗುವಿನದು ಮಾತ್ರವಲ್ಲ. ಹಸಿದು ಮಲಗುವವಳನ್ನು ನಾವು ಹೊಗಳುತ್ತ ಕುಳಿತೆವು.”

ಮಾಸ್ಟ್ರು ಹುಡುಗಿಯನ್ನು ಗದರಿಸಲಿಲ್ಲ. ಓಟವು ಸ್ನಾಯುಗಳನ್ನು ದಣಿಸಿ ಅವುಗಳ ಎಳೆಗಳಲ್ಲಿ ಸೂಕ್ಷ್ಮ ಹಾನಿಯುಂಟುಮಾಡುತ್ತದೆ; ಅವು ಮೊದಲಿಗಿಂತ ಬಲವಾಗಿ ಕಟ್ಟಿಕೊಳ್ಳುವುದು ಅನ್ನ, ನಿದ್ದೆ, ಬಿಡುವು ದೊರೆತಾಗ ಎಂದು ವಿವರಿಸಿದರು. ಹದಿಹರೆಯದವರಿಗೆ ದಿನಕ್ಕೆ ಎಂಟರಿಂದ ಹತ್ತು ಗಂಟೆಗಳ ನಿದ್ದೆ ಬೇಕು. ಅವಳು ಪಡೆಯುತ್ತಿದ್ದುದು ಐದೂವರೆ. 1954ರ ಮೇ 6ರಂದು ಒಂದು ಮೈಲಿಯನ್ನು 3 ನಿಮಿಷ 59.4 ಸೆಕೆಂಡುಗಳಲ್ಲಿ ಓಡಿ, ನಾಲ್ಕು ನಿಮಿಷದ ಗಡಿಯನ್ನು ಮೊದಲು ದಾಟಿದ ರೋಜರ್ ಬ್ಯಾನಿಸ್ಟರ್ ಅವರ ಕಥೆಯನ್ನೂ ಹೇಳಿದರು. ಆ ಓಟಕ್ಕೆ ಕೆಲವೇ ವಾರಗಳ ಮುಂಚೆ ಅವರ ಅಭ್ಯಾಸದ ವೇಗ ಏರದೆ ನಿಂತಿತ್ತು. ಅವರು ಓಟ ಬಿಟ್ಟು ಗೆಳೆಯರೊಡನೆ ಸ್ಕಾಟ್ಲೆಂಡಿನ ಬೆಟ್ಟಗಳಿಗೆ ಹೋದರು. ಮರಳಿ ಬಂದು ಕೆಲವು ದಿನ ದಣಿವಾರಿಸಿಕೊಂಡ ಮೇಲೆ, ಮೊದಲು ಸಿಗದ ವೇಗ ಸಿಕ್ಕಿತು.

ಅಜ್ಜಿ, ಮಾಸ್ಟ್ರು ಕೂಡಿ ದಿನಚರಿ ಬದಲಿಸಿದರು. ಓಟಕ್ಕೆ ಮರಳಿದ ಮೇಲೆ ಸಂಜೆಯ ಅಭ್ಯಾಸ ನಾಲ್ಕೂಕಾಲಿಗೆ ತೊಡಗಿ ಐದೂವರೆಗೆ ಮುಗಿಯಬೇಕು. ಸೂರ್ಯಾಸ್ತಕ್ಕೆ ಮುನ್ನ ಕುಚ್ಚಲಕ್ಕಿ ಅನ್ನ, ಹೆಸರುಕಾಳಿನ ಪಲ್ಯ, ಮಜ್ಜಿಗೆ. ಒಂಬತ್ತಕ್ಕೆ ದೀಪ ಆರಬೇಕು. ವ್ರತ ಉಳಿಯಿತು, ಊಟವೂ ಉಳಿಯಿತು. ಇಷ್ಟು ಸರಳವಾದುದಕ್ಕೆ ಒಂದು ಮೂಳೆ ನೋಯಬೇಕಾಗಿ ಬಂದದ್ದೇ ವಿಷಾದ.

ಆದರೆ ಆ ಒಂದು ತಿಂಗಳು ಕಾಲು ವಿಶ್ರಮಿಸಿದರೂ ಮನಸ್ಸು ವಿಶ್ರಮಿಸಲಿಲ್ಲ. ಉಳಿದವರು ಓಡುತ್ತಿದ್ದಾರೆ, ತಾನು ಹಿಂದುಳಿದೆ ಎಂಬ ಕೊರಗು. ಆಗ ಅಜ್ಜಿ ಅವಳನ್ನು ಕಾರ್ಕಳಕ್ಕೆ ಕರೆದೊಯ್ದರು. 1432ರಲ್ಲಿ ಪ್ರತಿಷ್ಠಾಪಿತವಾದ 42 ಅಡಿಯ ಬಾಹುಬಲಿಯ ಮುಂದೆ ಕುಳ್ಳಿರಿಸಿ ಹೇಳಿದರು: “ಒಂದು ವರ್ಷ ಅಲುಗದೆ ನಿಂತರೂ ಸ್ವಾಮಿಗೆ ಕೇವಲಜ್ಞಾನವಾಗಲಿಲ್ಲ. ನಿಂತ ನೆಲ ಅಣ್ಣ ಭರತನದೆಂಬ ಒಂದು ಮುಳ್ಳು ಒಳಗಿತ್ತು. ಭರತ ಬಂದು ನಮಿಸಿದ ಮೇಲೆ ಅದು ಕಳಚಿತು. ನಿನ್ನ ಕಾಲು ಸುಮ್ಮನಿದೆ ಮಗಾ, ಮುಳ್ಳು ಇನ್ನೂ ಇದೆ.”

ಶಲ್ಯವೆಂದರೆ ನಾಟಿದ ಮುಳ್ಳು. ವ್ರತಿಯಲ್ಲಿ ಇರಬಾರದೆಂದು ಆಚಾರ್ಯರು ಹೇಳಿದ ಶಲ್ಯಗಳು ಮಾಯಾ, ಮಿಥ್ಯಾ, ನಿದಾನ. ನೋವನ್ನು ಮುಚ್ಚಿಟ್ಟ ಕಪಟ ಯಾವುದೆಂದು ಹುಡುಗಿಗೆ ತಾನೇ ಹೊಳೆಯಿತು. ಕಠಿಣವಾದುದು ಮೂರನೆಯದು. ನಿದಾನವೆಂದರೆ ಸಾಧನೆಗೆ ಪ್ರತಿಯಾಗಿ ಫಲವನ್ನು ಬಯಸುವುದು. (ಕನ್ನಡದ ಮಕ್ಕಳು ಇದನ್ನು ‘ನಿಧಾನ’ವೆಂದು ಓದುವುದುಂಟು, ಒಂದು ಮಹಾಪ್ರಾಣ ಸೇರಿದರೆ ಅರ್ಥವೇ ಬೇರೆ.)

ಅಂದಿನಿಂದ ಅಜ್ಜಿ ಕಾಯೋತ್ಸರ್ಗ ಕಲಿಸಿದರು. ನೇರ ನಿಂತು, ತೋಳು ಇಳಿಬಿಟ್ಟು, ಒಂದೊಂದು ಣಮೋಕಾರಕ್ಕೆ ಮೂರು ಉಸಿರಿನಂತೆ ಒಂಬತ್ತು ಬಾರಿ. ಒಟ್ಟು ಇಪ್ಪತ್ತೇಳು ಉಸಿರು. ಅಷ್ಟು ಹೊತ್ತು ದೇಹ ‘ನನ್ನದು’ ಎಂಬ ಹಿಡಿತವನ್ನು ಸಡಿಲಿಸುವುದೇ ಅದರ ತಿರುಳು.

“ಸ್ಪರ್ಧೆಯ ದಿನವೂ ಇದನ್ನು ಮಾಡಿದರೆ ಗೆಲ್ಲುತ್ತೇನೆಯೇ ಅಜ್ಜಿ?” ಎಂದಳು ಹುಡುಗಿ.

“ಗೆಲ್ಲಲೆಂದು ಮಾಡುವುದಾದರೆ ಮಾಡಬೇಡ. ಅದಕ್ಕೆ ನಿನ್ನ ಮಾಸ್ಟ್ರು ಇದ್ದಾರೆ.”

ಅವರ ಪಾಠ ಬೇರೆಯೇ ಇತ್ತು. ಕಣ್ಣು ಮುಚ್ಚಿ ಮೂರೂಮುಕ್ಕಾಲು ಸುತ್ತನ್ನೂ ಮನಸ್ಸಿನಲ್ಲಿ ಓಡಬೇಕು. ಮೂರನೆಯ ಸುತ್ತಿನಲ್ಲಿ ಉಸಿರು ಕಟ್ಟಿದಾಗ ಭುಜ ಬಿಗಿಯದೆ ಇರುವುದನ್ನು ಕಾಣಬೇಕು. ಹುಡುಗಿ ಎರಡನ್ನೂ ಮಾಡಿದಳು, ಒಂದರೊಳಗೆ ಒಂದನ್ನು ಬೆರೆಸದೆ. ಬೆರೆಸದಿರುವುದು ಎಷ್ಟು ಕಷ್ಟವೆಂದು ಎಷ್ಟೋ ಸಲ ಅಜ್ಜಿಯ ಬಳಿ ಹೇಳಿಕೊಂಡದ್ದೂ ಉಂಟು.

ಜಿಲ್ಲಾ ಕ್ರೀಡಾಕೂಟದಲ್ಲಿ ಅವಳು 4 ನಿಮಿಷ 57 ಸೆಕೆಂಡಿಗೆ ಗುರಿ ಮುಟ್ಟಿದಳು. ಅಷ್ಟು ವೇಗವಾಗಿ ಹಿಂದೆಂದೂ ಓಡಿರಲಿಲ್ಲ. ಸ್ಥಾನ ಮೂರನೆಯದು, ರಾಜ್ಯಮಟ್ಟಕ್ಕೆ ಆಯ್ಕೆಯಾದವರು ಇಬ್ಬರು. ಮನೆಗೆ ಬಂದವಳನ್ನು ಅಜ್ಜಿ ಕೇಳಿದ್ದು ಒಂದೇ: “ಕಾಲು ನೋಯುತ್ತಿದೆಯೇ?”

“ಇಲ್ಲ ಅಜ್ಜಿ. ಸ್ವಲ್ಪ ಅಳು ಬರುತ್ತಿದೆ.”

“ಅತ್ತುಬಿಡು. ಬಚ್ಚಿಡಬೇಡ.”

ಮರುದಿನ ಭಾನುವಾರ. ಅಜ್ಜಿ ಬಸದಿಗೆ ಹೊರಡುವಾಗ ಕೋಣೆಯ ಬಾಗಿಲಲ್ಲಿ ಇಣುಕಿದರು. ಬಿಸಿಲು ಕಿಟಕಿಯಿಂದ ಹಾಸಿಗೆಯವರೆಗೂ ಬಂದಿತ್ತು. ಹುಡುಗಿ ಇನ್ನೂ ಮಲಗಿದ್ದಳು. ಅವರು ಸದ್ದಾಗದಂತೆ ಬಾಗಿಲು ಮುಂದೆ ಮಾಡಿ ಮೆಟ್ಟಿಲಿಳಿದರು.