ಕೇಳುಗರೇ ನುಡಿಯತೊಡಗಿದಾಗ

ಮಕ್ಕಳು ಎಷ್ಟು ಹೊತ್ತು ಟಿ.ವಿ. ನೋಡಿದರು, ಎಷ್ಟು ಹೊತ್ತು ಮೊಬೈಲ್ ಹಿಡಿದರು ಎಂದು ಲೆಕ್ಕ ಹಾಕುವ ನಾವು, ಅದರಿಂದ ಅವರು ಏನು ಮಾಡಿದರು ಎಂದು ಕೇಳುವುದು ಅಪರೂಪ. ಮಾಧ್ಯಮವು ಸೃಜನಶೀಲತೆಯನ್ನು ಬೆಳೆಸುವುದೋ ಬತ್ತಿಸುವುದೋ ಎಂಬುದು ಈ ಎರಡನೆಯ ಪ್ರಶ್ನೆಯನ್ನೇ ಅವಲಂಬಿಸಿದೆ.

ಇದು ಹಿರಿಯರಿಗೂ ಸಲ್ಲುವ ಮಾತೆಂಬುದಕ್ಕೆ ಕೋಲಾರ ಜಿಲ್ಲೆಯ ಬೂದಿಕೋಟೆ ನಿದರ್ಶನ. 2000ರ ದಶಕದ ಆರಂಭದಲ್ಲಿ ಅಲ್ಲಿ ‘ನಮ್ಮ ಧ್ವನಿ’ ಎಂಬ ಸಮುದಾಯ ಮಾಧ್ಯಮ ಕೇಂದ್ರ ತಲೆಯೆತ್ತಿತು. ವಾಯುತರಂಗಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಸಾರಿದ್ದರೂ ಹಳ್ಳಿಗರಿಗೆ ಬಾನುಲಿ ಪರವಾನಗಿ ಸಿಗುವಂತಿರಲಿಲ್ಲ. ಅವರು ಕೈಚೆಲ್ಲಿ ಕೂರಲಿಲ್ಲ, ಟಿ.ವಿ. ಕೇಬಲ್ ತಂತಿಯಲ್ಲೇ ತಮ್ಮ ಧ್ವನಿಯನ್ನು ಮನೆಗಳಿಗೆ ಹರಿಸಿದರು. ಸ್ವಸಹಾಯ ಸಂಘಗಳ ಮಹಿಳೆಯರೂ ಕಾರ್ಯಕ್ರಮ ರೂಪಿಸಿದರು. ಸ್ವಯಂಸೇವಾ ಸಂಸ್ಥೆಗಳಿಗೆ ಸಮುದಾಯ ಬಾನುಲಿಯ ಬಾಗಿಲು ತೆರೆದದ್ದು 2006ರಲ್ಲಿ.

ಧ್ವನಿಮುದ್ರಿಸಲು ಹೊರಟವರು ಯಾರನ್ನು ಮಾತನಾಡಿಸಬೇಕು, ಏನನ್ನು ಉಳಿಸಬೇಕು, ಏನನ್ನು ಬಿಡಬೇಕು ಎಂದು ಯೋಚಿಸಲೇಬೇಕು. ಸೃಜನಶೀಲತೆಯ ಮೊದಲ ಪಾಠ ಅದೇ. ಇಂದು ಧ್ವನಿಮುದ್ರಕ ನಮ್ಮ ಮೊಬೈಲಿನಲ್ಲೇ ಇದೆ. ಮಗುವಿನ ಕೈಯಿಂದ ಅದನ್ನು ಕಸಿಯುವ ಮುನ್ನ, ಅಜ್ಜಿಯ ಒಂದು ಕಥೆಯನ್ನು ಮುದ್ರಿಸಿಕೊಂಡು ಬರುವಂತೆ ಹೇಳಿ ನೋಡಬಾರದೇಕೆ?